ನಾಲ್ಕು ತುಂಬುತ್ತೆ: ಎಲ್‌ಕೆಜಿಗೆ ಕಳಿಸೋದಾ, ಒಂದು ವರ್ಷ ತಡೆಯೋದಾ?

ಪ್ರಶ್ನೆ

ನಾವು ತಿಪಟೂರು ತಾಲ್ಲೂಕಿನವರು. ಅತ್ತೆ, ಮಾವ, ಭಾವ, ವಾರಗಿತ್ತಿ ಎಲ್ಲ ಒಂದೇ ಮನೆಯಲ್ಲಿದ್ದೇವೆ. ನಾನು ಸೊಸೈಟಿಯಲ್ಲಿ ಕ್ಲರ್ಕ್. ನನಗೆ ಒಬ್ಬನೇ ಮಗ. ಬರುವ ಮೇ 20ಕ್ಕೆ ಅವನಿಗೆ ನಾಲ್ಕು ತುಂಬುತ್ತದೆ. ಜೂನ್ 1ಕ್ಕೆ ನಾಲ್ಕು ಆಗಿದ್ದರೆ ಎಲ್‌ಕೆಜಿಗೆ ತಗೋತಾರೆ ಅಂತ ನಮ್ಮ ಯಜಮಾನರು ಪಟ್ಟಣದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಅರ್ಜಿ ಹಾಕಿದ್ದರು. ಹೋದ ವಾರ ಇಂಟರ್‌ವ್ಯೂಗೆ ಕರೆದರು. "ವಾಟ್ ಈಸ್ ಯುವರ್ ನೇಮ್" ಅಂದಿದ್ದೇ ತಡ, ನನ್ನ ಸೆರಗಿನ ಹಿಂದೆ ಸೇರಿಕೊಂಡ. ಬಣ್ಣದ ಕಾರ್ಡು ತೋರಿಸಿದರು, ಬಾಯಿ ಬಿಡಲಿಲ್ಲ. ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದು ಗೀಚಿದ. "ಎಬಿಸಿಡಿ ಕೂಡ ಬರಲ್ವಾ? ಇವನಿನ್ನೂ ರೆಡಿ ಇಲ್ಲ, ಮುಂದಿನ ವರ್ಷ ಬನ್ನಿ" ಅಂದುಬಿಟ್ಟರು.

ಅವತ್ತಿನಿಂದ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ವಾರಗಿತ್ತಿಯ ಮಗಳು ಇವನಿಗಿಂತ ಏಳು ತಿಂಗಳಿಗೆ ದೊಡ್ಡವಳು. ಪ್ರೀ-ಕೆಜಿಗೆ ಹೋಗಿ ಆಗಲೇ ಎ ಟು ಝಡ್ ಬರೀತಾಳೆ, ಅವಳ ಜೊತೆಗೇ ಇವನೂ ಸೇರಲಿ, ಅಡ್ಜಸ್ಟ್ ಮಾಡಿಕೊಳ್ಳೋ ಬೇರೆ ಶಾಲೆ ಇದೆ ಅಂತ ಯಜಮಾನರು. ಬಲಗೈ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟೋವರೆಗೂ ಮನೇಲಿರಲಿ ಅಂತ ಅತ್ತೆ.

ಮನೆಯಲ್ಲಿ ಅವನ ಬಾಯಿಗೆ ಬಿಡುವೇ ಇಲ್ಲ. ನಾನು ಕೆಲಸಕ್ಕೆ ಹೊರಟರೆ ಅಳುವುದಿಲ್ಲ, ಟಾಟಾ ಮಾಡಿ ತಾತನ ಹಿಂದೆ ತೋಟಕ್ಕೆ ಹೋಗುತ್ತಾನೆ. ಆದರೆ ಮೊಬೈಲ್ ಕೊಟ್ಟು ತಿನ್ನಿಸಬೇಕು. ಮಧ್ಯಾಹ್ನ ಎರಡು ತಾಸು ಮಲಗುತ್ತಾನೆ. ಉಚ್ಚೆ ಬಂದರೆ ಮನೆಯಲ್ಲಿ ಹೇಳುತ್ತಾನೆ, ಬೇರೆಯವರ ಮನೆಯಲ್ಲಿ ಹೇಳದೆ ಚಡ್ಡಿಯಲ್ಲೇ ಮಾಡಿಕೊಂಡದ್ದೂ ಇದೆ. ರಾತ್ರಿ ಆಗಾಗ ಹಾಸಿಗೆ ಒದ್ದೆ. ಈ ವರ್ಷ ತಡೆದರೆ ಹಿಂದೆ ಬೀಳುತ್ತಾನಾ? ಕಳಿಸಿದರೆ ಶಾಲೆ ಅಂದರೇ ಹೆದರಿಬಿಡುತ್ತಾನಾ? ನಾನು ಏನು ಮಾಡಲಿ?

— ಹೆಸರು ಬೇಡ

ಉತ್ತರ

ನಿಮ್ಮ ಮಗ ಶಾಲೆಗೆ ಸಿದ್ಧನಿಲ್ಲ ಎನ್ನಲು ನಿಮ್ಮ ಪತ್ರದಲ್ಲಿ ನನಗೆ ಒಂದು ಕಾರಣವೂ ಸಿಗಲಿಲ್ಲ. ಆ ಶಾಲೆ ಅವನಿಗೆ ಸರಿಹೋಗುವುದಿಲ್ಲ ಎನ್ನಲು ಮಾತ್ರ ಎರಡು ಮೂರು ಸಿಕ್ಕವು. ಇವೆರಡೂ ಬೇರೆ ಬೇರೆ ವಿಷಯ. ಇಂಟರ್‌ವ್ಯೂ ಮುಗಿಸಿ ಹೊರಬಂದಾಗಿನಿಂದ ನಿಮ್ಮ ಮನೆಯಲ್ಲಿ ಎರಡೂ ಒಂದರೊಳಗೊಂದು ಸೇರಿಹೋಗಿವೆ. ಮೊದಲು ಅವನ್ನು ಬಿಡಿಸೋಣ.

ವಯಸ್ಸಿನ ಲೆಕ್ಕ ಸುಲಭ. ಜೂನ್ 1ಕ್ಕೆ ಆರು ವರ್ಷ ತುಂಬಿದವರಿಗೆ ಮಾತ್ರ ಒಂದನೇ ತರಗತಿ ಎಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಪೋಷಕರು ತಕರಾರು ತೆಗೆದ ಮೇಲೆ ಅದರ ಜಾರಿಯನ್ನು 2025-26ಕ್ಕೆ ಮುಂದೂಡಿತು. ಅದಕ್ಕೆ ಹೊಂದುವಂತೆ ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ಎಂದಾಯಿತು. ಆದರೂ 2025ರ ಬೇಸಿಗೆಯಲ್ಲಿ ಎಷ್ಟೋ ತಂದೆತಾಯಂದಿರು ಯುಕೆಜಿ ಮುಗಿಸಿದ ಮಗುವಿನ ಕೈಹಿಡಿದುಕೊಂಡು ಒಂದನೇ ತರಗತಿಯ ಬಾಗಿಲಲ್ಲಿ ನಿಲ್ಲಬೇಕಾಯಿತು. ಮಗುವಿಗೆ ಆರು ತುಂಬಿರಲಿಲ್ಲ. ಕೊನೆಗೆ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳು ಆಗಿದ್ದರೆ ಸಾಕು ಎಂದು ಸಡಿಲಿಸಿದರು. ಅವರಿಗೆ ಆ ಫಜೀತಿ ಬಂದದ್ದು ಹೆಚ್ಚಾಗಿ ಎಲ್‌ಕೆಜಿಯಲ್ಲಿ ಮಾಡಿದ ಅವಸರದಿಂದ. ನಿಮಗೆ ಆ ಭಯವಿಲ್ಲ. ಈ ಜೂನ್‌ಗೆ ಸೇರಿದರೆ ಎರಡು ವರ್ಷದ ನಂತರ ನಿಮ್ಮ ಮಗನಿಗೆ ಆರು ವರ್ಷದ ಮೇಲೆ ಹನ್ನೆರಡು ದಿನ ಆಗಿರುತ್ತದೆ. ಅರ್ಜಿ ಹಾಕುವ ಮುಂಚೆ ಬಿಇಒ ಕಚೇರಿಯಲ್ಲಿ ಈ ವರ್ಷದ ಸುತ್ತೋಲೆ ಒಮ್ಮೆ ನೋಡಿಬಿಡಿ. "ನಾವು ಅಡ್ಜಸ್ಟ್ ಮಾಡ್ತೀವಿ" ಎನ್ನುವ ಶಾಲೆಯ ಮಾತನ್ನು ಈ ವಿಷಯದಲ್ಲಿ ನಂಬಬೇಡಿ.

ನಿಮ್ಮ ಅತ್ತೆಯವರ ಕಿವಿ ಮುಟ್ಟುವ ಪರೀಕ್ಷೆಯನ್ನು ಕೇಳಿ ನಗಬೇಡಿ, ಅದಕ್ಕೆ ಅರ್ಥವಿದೆ. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕೈ ಗಿಡ್ಡ. ಆರರ ಆಸುಪಾಸಿನಲ್ಲಿ ಕೈಕಾಲು ಉದ್ದವಾಗಿ, ನೆತ್ತಿಯ ಮೇಲಿಂದ ಹಾಕಿದ ಕೈ ಆ ಕಡೆಯ ಕಿವಿಗೆ ಎಟುಕುತ್ತದೆ. ಹುಟ್ಟಿದ ತಾರೀಖು ಬರೆದಿಡುವವರೇ ಇಲ್ಲದ ಕಾಲದಲ್ಲಿ ಮೇಷ್ಟ್ರು ಇದರಿಂದ ವಯಸ್ಸು ಅಂದಾಜು ಮಾಡಿ, ಜನ್ಮದಿನ ಜೂನ್ 1 ಎಂದು ದಾಖಲಾತಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಿಮ್ಮ ಮಾವನವರ ಆಧಾರ್ ಕಾರ್ಡಿನಲ್ಲೂ ಅದೇ ತಾರೀಖು ಇದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಒಂದನೇ ತರಗತಿಯ ಪರೀಕ್ಷೆ, ಆರು ವರ್ಷದ ಮಕ್ಕಳದು. ಸರ್ಕಾರ ಈಗ ಕಾಗದದ ಮೇಲೆ ಹೇಳುತ್ತಿರುವುದೂ ಅದನ್ನೇ. ಅತ್ತೆಯವರ ಕಾಲದಲ್ಲಿ ಎಲ್‌ಕೆಜಿ ಇರಲಿಲ್ಲ, ಹಾಗಾಗಿ ನಾಲ್ಕು ವರ್ಷದವನಿಗೆ ಅವರ ಅಳತೆ ಹೊಂದುವುದಿಲ್ಲ.

ಆ ಇಂಟರ್‌ವ್ಯೂ ಅಳೆದದ್ದೇನು?

ಗುರುತಿಲ್ಲದ ಕೋಣೆ, ಗುರುತಿಲ್ಲದ ಮುಖ, ಮನೆಯಲ್ಲಿ ಕೇಳದ ಭಾಷೆ. ಅಲ್ಲಿ ಸೆರಗಿನ ಹಿಂದೆ ಸೇರಿಕೊಂಡ ಮಗು ತನ್ನವರು ಯಾರು, ಹೊರಗಿನವರು ಯಾರು ಎಂದು ತಿಳಿದ ಮಗು. ಒಂದನೇ ತರಗತಿಗೆ ಸೇರಿಸಿಕೊಳ್ಳುವಾಗಲೇ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಆರು ವರ್ಷದವರಿಗೇ ಬೇಡವಾದದ್ದು ಮೂರು ಮುಕ್ಕಾಲು ವರ್ಷದವನಿಗೆ ಯಾಕೆ?

ಅವರು ಕೇಳಿದ ಒಂದೊಂದನ್ನೂ ನೋಡೋಣ. ಅಮೆರಿಕದ ಸಿಡಿಸಿ ಸಂಸ್ಥೆ 2022ರಲ್ಲಿ ತಿದ್ದಿ ಪ್ರಕಟಿಸಿದ ಬೆಳವಣಿಗೆಯ ಪಟ್ಟಿಯೊಂದಿದೆ. ಆಯಾ ವಯಸ್ಸಿಗೆ ನಾಲ್ಕರಲ್ಲಿ ಮೂರು ಮಕ್ಕಳಾದರೂ ಮಾಡುವಂಥದ್ದನ್ನು ಮಾತ್ರ ಅದರಲ್ಲಿ ಸೇರಿಸಿದ್ದಾರೆ. ಕೆಲವು ಬಣ್ಣಗಳ ಹೆಸರು ಹೇಳುವುದು ನಾಲ್ಕು ವರ್ಷದ ಪಟ್ಟಿಯಲ್ಲಿದೆ. ಆದರೆ ಇಂತಿಂಥ ಭಾಷೆಯಲ್ಲೇ ಹೇಳಬೇಕು ಎಂದಿಲ್ಲ. ತೋಟದಲ್ಲಿ "ಕೆಂಪು ಹೂವು ಕಿತ್ಕೊಂಡು ಬಾ" ಅಂದರೆ ಅವನು ಯಾವುದು ತರುತ್ತಾನೆ ಎಂದು ತಾತನನ್ನು ಕೇಳಿ. ತನ್ನ ಹೆಸರಿನ ಒಂದೆರಡು ಅಕ್ಷರ ಬರೆಯುವುದು, ಹತ್ತರವರೆಗೆ ಎಣಿಸುವುದು ಐದು ವರ್ಷದ ಪಟ್ಟಿಯಲ್ಲಿವೆ. ಎಬಿಸಿಡಿ ಪೂರ್ತಿ ಬರೆಯುವುದು ಐದರಲ್ಲೂ ಇಲ್ಲ.

ಪೆನ್ಸಿಲ್ ವಿಷಯದಲ್ಲಿ ಮಾತ್ರ ಸ್ವಲ್ಪ ಗಮನ ಬೇಕು. ನಾಲ್ಕು ತುಂಬುವ ಹೊತ್ತಿಗೆ ಮುಷ್ಟಿ ಬಿಟ್ಟು ಬೆರಳು ಹೆಬ್ಬೆರಳ ನಡುವೆ ಕ್ರಯಾನ್ ಹಿಡಿಯುವುದು ಹೆಚ್ಚಿನ ಮಕ್ಕಳಿಗೆ ಬಂದಿರುತ್ತದೆ. ನಿಮ್ಮವನಿಗೆ ಇನ್ನೂ ಎರಡು ತಿಂಗಳಿದೆ. ಇದಕ್ಕೆ ಕಾಪಿ ಬರೆಸುವುದು ಮದ್ದಲ್ಲ. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳು ಹುಟ್ಟುವಾಗ ಬರೀ ಮೆದುಮೂಳೆ. ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಎಂಟೂ ಆಗುವಷ್ಟರಲ್ಲಿ ಮಗು ಹೈಸ್ಕೂಲಿನ ಹತ್ತಿರ ಬಂದಿರುತ್ತದೆ. ಬೆರಳಿಗೆ ಬಲ ಬರುವುದು ಅವರೆಕಾಯಿ ಸುಲಿಯುವಾಗ, ಕಡಲೆಕಾಯಿ ಬಿಡಿಸುವಾಗ, ಚಪಾತಿ ಹಿಟ್ಟನ್ನು ಹಿಸುಕಿ ಹಾವು ಮಾಡುವಾಗ, ಬಕೆಟ್ಟಿನಲ್ಲಿ ಬಟ್ಟೆ ಹಿಂಡುವಾಗ. ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸುವಾಗಲೂ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರಲ್ಲ. ಮನೆಯಲ್ಲಿ ದಪ್ಪ ಬಳಪವನ್ನೋ ಕ್ರಯಾನನ್ನೋ ಸಣ್ಣ ತುಂಡು ಮಾಡಿ ಕೊಡಿ. ತುಂಡು ಮುಷ್ಟಿಯಲ್ಲಿ ನಿಲ್ಲುವುದಿಲ್ಲ, ಬೆರಳು ತಾನಾಗಿಯೇ ಮುಂದೆ ಬರುತ್ತದೆ.

ವಾರಗಿತ್ತಿಯ ಮಗಳ ಎ ಟು ಝಡ್ ಬಗ್ಗೆ ಒಂದು ಮಾತು. ಆ ಹುಡುಗಿ ಏಳು ತಿಂಗಳಿಗೆ ದೊಡ್ಡವಳು, ಮೇಲಾಗಿ ಒಂದು ವರ್ಷ ಅದನ್ನೇ ಬರೆದಿದ್ದಾಳೆ. ಒಂದೇ ಮನೆಯಲ್ಲಿ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಬರೆಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಅವಳಿಗೆ ಅದರಿಂದ ಜಂಬ, ಇವನಿಗೆ ಪುಸ್ತಕ ಕಂಡರೆ ಬೇಸರ. ಇಬ್ಬರಿಗೂ ಒಳ್ಳೆಯದಲ್ಲ.

ಒಂದು ವರ್ಷ ತಡೆಯುವುದೆಂದರೆ

ತಡೆಯಬೇಕೆಂದು ನಿಮಗೆ ಅನಿಸುವುದರಲ್ಲೂ ಹುರುಳಿದೆ. ಮೇ 20ರಂದು ಹುಟ್ಟಿದವನು ಆ ತರಗತಿಗೆ ಹೆಚ್ಚುಕಡಿಮೆ ಎಲ್ಲರಿಗಿಂತ ಚಿಕ್ಕವನು. ಅವನಿಗಿಂತ ಹಿಂದಿನ ವರ್ಷ ಜೂನ್ 5ಕ್ಕೆ ಹುಟ್ಟಿದ ಮಗುವೂ ಅವನ ಪಕ್ಕದಲ್ಲೇ ಕೂರುತ್ತದೆ. ಹನ್ನೊಂದೂವರೆ ತಿಂಗಳ ಅಂತರ. ನಮ್ಮ ವಯಸ್ಸಿಗೆ ಅದು ಲೆಕ್ಕಕ್ಕಿಲ್ಲ, ಅವನಿಗೆ ಅದು ಬದುಕಿದ ಕಾಲದ ಕಾಲು ಭಾಗ. ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ವಿಮೆ ದಾಖಲೆಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅಲ್ಲಿನ ಕೆಲವು ರಾಜ್ಯಗಳಲ್ಲಿ ಸೆಪ್ಟೆಂಬರ್ 1 ಗಡಿ. ಆಗಸ್ಟ್‌ನಲ್ಲಿ ಹುಟ್ಟಿ ತರಗತಿಗೇ ಕಿರಿಯರಾದ ಮಕ್ಕಳಿಗೆ, ಸೆಪ್ಟೆಂಬರ್‌ನಲ್ಲಿ ಹುಟ್ಟಿ ಹಿರಿಯರಾದವರಿಗಿಂತ, ಎಡಿಎಚ್‌ಡಿ ಎಂಬ ಚಂಚಲತೆಯ ಹಣೆಪಟ್ಟಿ ಶೇ 34ರಷ್ಟು ಹೆಚ್ಚಾಗಿ ಅಂಟಿತ್ತು. ಬರೀ ಚಿಕ್ಕವನಾಗಿದ್ದದ್ದನ್ನು ದೊಡ್ಡವರು ಕಾಯಿಲೆ ಎಂದುಕೊಂಡದ್ದು ಎಷ್ಟೋ ಇರಬೇಕು. ಹಾಗಾಗಿ ಮುಂದೆ ಯಾವ ಟೀಚರಾದರೂ "ನಿಮ್ಮ ಮಗ ಒಂದು ಕಡೆ ಕೂರೋದೇ ಇಲ್ಲ" ಎಂದರೆ, ಅವನು ಕ್ಲಾಸಿಗೇ ಚಿಕ್ಕವನು ಎಂದು ಮೊದಲು ನೆನಪಿಸಿ.

ಹಾಗಾದರೆ ತಡೆದುಬಿಡೋಣವೇ? ಡೆನ್ಮಾರ್ಕಿನಲ್ಲಿ ಒಂದು ವರ್ಷ ತಡವಾಗಿ ಶಾಲೆ ಸೇರಿದ ಮಕ್ಕಳನ್ನು ನೋಡಿ 2015ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಬರೆದರು: ಏಳನೇ ವಯಸ್ಸಿನಲ್ಲೂ ಹನ್ನೊಂದನೇ ವಯಸ್ಸಿನಲ್ಲೂ ಆ ಮಕ್ಕಳ ಚಿತ್ತ ಹೆಚ್ಚು ನಿಲ್ಲುತ್ತಿತ್ತು. ಆದರೆ ಆ ದೇಶದಲ್ಲಿ ಶಾಲೆ ಶುರುವಾಗುವುದೇ ಆರಕ್ಕೆ. ತಡೆದ ವರ್ಷವನ್ನೂ ಅಲ್ಲಿನ ಮಕ್ಕಳು ಮನೆಯ ಮೂಲೆಯಲ್ಲಿ ಕಳೆಯುವುದಿಲ್ಲ; ಓರಗೆಯವರ ಜೊತೆ, ತರಬೇತಾದವರ ಕೈಕೆಳಗೆ, ಆಟದ ಶಿಶುವಿಹಾರದಲ್ಲಿ ಕಳೆಯುತ್ತಾರೆ.

ನೀವು ಯೋಚಿಸಬೇಕಾದದ್ದು ಇದನ್ನೇ. ತಡೆದ ವರ್ಷ ಅವನು ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ? ಕಾಯುವುದರಿಂದ ಮಗುವಿಗೆ ವಯಸ್ಸಾಗುತ್ತದೆ, ಅಷ್ಟೆ. ಬೆಳೆಯುವುದು ಆ ವರ್ಷದಲ್ಲಿ ಅವನಿಗೆ ಸಿಕ್ಕುವ ಜನರಿಂದ, ಕೆಲಸದಿಂದ, ಆಟದಿಂದ. ತಾತನ ಜೊತೆ ತೋಟ ಸುತ್ತುವುದು ಸಣ್ಣ ಪಾಠವಲ್ಲ, ಅದು ನಡೆಯುತ್ತಲೇ ಇರಲಿ. ಆದರೆ ತಾತ ಅವನ ಕೈಯಿಂದ ಬುಟ್ಟಿ ಕಿತ್ತುಕೊಳ್ಳುವುದಿಲ್ಲ, "ಈಗ ನನ್ನ ಸರದಿ" ಎನ್ನುವುದಿಲ್ಲ, ಅವನನ್ನು ಬಿಟ್ಟು ಬೇರೊಬ್ಬನ ಜೊತೆ ಆಡಲು ಹೋಗುವುದಿಲ್ಲ. ಇದನ್ನೆಲ್ಲ ಕಲಿಸಲು ಅವನಷ್ಟೇ ಎತ್ತರದ ಹತ್ತಾರು ಜನ ಬೇಕು. ನಿಮ್ಮ ಮನೆಯಲ್ಲಿ ಅವನ ಓರಗೆಯವಳು ಒಬ್ಬಳೇ, ಅವಳೂ ಹಗಲೆಲ್ಲ ಶಾಲೆಯಲ್ಲಿ. ಮಧ್ಯಾಹ್ನದ ಹೊತ್ತು ಅಜ್ಜಿಗೆ ಸುಸ್ತು, ಮೊಬೈಲ್ ಕೈಗೆ ಬರುತ್ತದೆ. ಇಂಥ ಒಂದು ವರ್ಷ ಅವನಿಗೆ ಲಾಭವಲ್ಲ.

ಏನನ್ನು ನೋಡಬೇಕು

ಅಕ್ಷರ, ಅಂಕಿ, ಪದ್ಯ ಬದಿಗಿಡಿ. ನಾಲ್ಕರ ಆಸುಪಾಸಿನ ಮಗುವಿನಲ್ಲಿ ನಾನು ಕೆಲವೇ ಸಂಗತಿಗಳನ್ನು ನೋಡುತ್ತೇನೆ.

ಮೊದಲನೆಯದು, ಬಿಟ್ಟಿರುವುದು. ಅಮ್ಮ ಹೊರಟಾಗ ಅಳುವುದು ಸಹಜ. ಮೂರು ತುಂಬಿದ ಹೆಚ್ಚಿನ ಮಕ್ಕಳು ಅಮ್ಮ ಮರೆಯಾದ ಹತ್ತು ನಿಮಿಷದೊಳಗೆ ಸಮಾಧಾನವಾಗುತ್ತಾರೆ. ನಿಮ್ಮವನು ಟಾಟಾ ಮಾಡುತ್ತಾನೆ, ಆದರೆ ತನ್ನದೇ ಮನೆಯಲ್ಲಿ, ತಾತನ ಬೆರಳು ಹಿಡಿದು. ಗುರುತಿಲ್ಲದ ಜಾಗದಲ್ಲಿ ಏನು ಮಾಡುತ್ತಾನೆಂಬುದು ನಿಮಗೇ ಗೊತ್ತಿಲ್ಲ. ಅದನ್ನು ತಿಳಿಯುವ ದಾರಿ ಕೆಳಗೆ ಹೇಳುತ್ತೇನೆ.

ಎರಡನೆಯದು, ಬೇಕಾದ್ದನ್ನು ಹೊರಗಿನವರಿಗೆ ಹೇಳುವುದು. ನೀರು, ಉಚ್ಚೆ, ಹೊಟ್ಟೆನೋವು, "ಅವನು ಹೊಡೆದ". ಮಾತಿನಲ್ಲೋ ಸನ್ನೆಯಲ್ಲೋ, ಹೇಗಾದರೂ ಸರಿ. ನಿಮ್ಮ ಮಗನಿಗೆ ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಕಾದದ್ದು ಇಲ್ಲಿ. ಉಚ್ಚೆ ಬಂದದ್ದು ಅವನಿಗೆ ತಿಳಿಯುತ್ತದೆ. ಪರರ ಮನೆಯಲ್ಲಿ ಹೇಳಲು ಸಂಕೋಚ, ಅಷ್ಟೆ. ನೆಂಟರ ಮನೆಗೆ ಹೋದ ಕೂಡಲೇ ಬಚ್ಚಲು ಎಲ್ಲಿದೆ ಎಂದು ಅವನನ್ನು ಕರೆದುಕೊಂಡು ಹೋಗಿ ತೋರಿಸಿ, ಕೇಳುವುದು ಹೇಗೆಂದು ಹೇಳಿಕೊಡಿ. ಗುಂಡಿ, ಜಿಪ್ಪು ಇರುವ ಪ್ಯಾಂಟು ಬೇಡ, ಎಲಾಸ್ಟಿಕ್ ಚಡ್ಡಿ ಹಾಕಿ. ಅವನೇ ಇಳಿಸಿ ಅವನೇ ಏರಿಸಿಕೊಳ್ಳಲಿ. ರಾತ್ರಿ ಹಾಸಿಗೆ ಒದ್ದೆಯಾಗುವುದಕ್ಕೂ ಶಾಲೆಗೂ ಸಂಬಂಧವಿಲ್ಲ. ಐದು ವರ್ಷದವರೆಗೆ ವೈದ್ಯರೂ ಅದನ್ನು ತೊಂದರೆಯೆಂದು ಎಣಿಸುವುದಿಲ್ಲ. ಅದಕ್ಕಾಗಿ ಅವನನ್ನು ಯಾರೂ ಛೇಡಿಸಬಾರದು, ಮುಖ್ಯವಾಗಿ ವಾರಗಿತ್ತಿಯ ಮಗಳ ಮುಂದೆ.

ಮೂರನೆಯದು, ತನ್ನ ಕೈಯಾರೆ ತಿನ್ನುವುದು. ಟಿಫಿನ್ ಡಬ್ಬಿ ತೆಗೆಯಲು ಬರಬೇಕು, ಅರ್ಧ ಚೆಲ್ಲಿದರೂ ಅರ್ಧ ಹೊಟ್ಟೆಗೆ ಹೋಗಬೇಕು. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಹಸಿವೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಶಾಲೆಯಲ್ಲಿ ಯಾರೂ ಮೊಬೈಲ್ ಹಿಡಿದು ನಿಲ್ಲುವುದಿಲ್ಲ. ಈ ವಾರವೇ ಒಂದು ಹೊತ್ತಿನ ಊಟದಿಂದ ಶುರುಮಾಡಿ. ಎಲ್ಲರ ಜೊತೆ ನೆಲದ ಮೇಲೆ ಕೂರಿಸಿ ತಟ್ಟೆ ಇಡಿ, ಇಪ್ಪತ್ತು ನಿಮಿಷ ಬಿಟ್ಟು ತಟ್ಟೆ ಎತ್ತಿ. ಎರಡು ಮೂರು ದಿನ ಕಡಿಮೆ ತಿನ್ನುತ್ತಾನೆ. ಅತ್ತೆಯವರ ಕರುಳು ಚುರುಕ್ ಅನ್ನುತ್ತದೆ, ಹಾಗಾಗಿ ಅವರಿಗೆ ಮೊದಲೇ ಹೇಳಿಟ್ಟಿರಿ. ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದೇ ಸಲಹೆಯ ಪ್ರಕಾರ ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಅವನ ಮಧ್ಯಾಹ್ನದ ನಿದ್ದೆ ಆ ಲೆಕ್ಕದ ಪಾಲು. ಅದನ್ನು ಬಿಡಿಸಬೇಡಿ, ಮಧ್ಯಾಹ್ನಕ್ಕೆ ಬಿಡುವ ಶಾಲೆ ಹುಡುಕಿ.

ನಾಲ್ಕನೆಯದು, ಕೇಳಿಸಿಕೊಳ್ಳುವುದು. "ಚಪ್ಪಲಿ ಬಿಟ್ಟು, ಕೈ ತೊಳ್ಕೊಂಡು ಬಾ" ಎಂದರೆ ಎರಡೂ ಮಾಡುತ್ತಾನಾ? ಒಂದು ಕತೆಯನ್ನು ಐದು ನಿಮಿಷ ಕೇಳುತ್ತಾನಾ? ಐದು ವರ್ಷದವರಿಂದಲೂ ಒಂದು ಕೆಲಸದಲ್ಲಿ ಐದರಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಗಮನ ನಿರೀಕ್ಷಿಸುವಂತಿಲ್ಲ. ಪರದೆಯ ಮುಂದೆ ತಾಸುಗಟ್ಟಲೆ ಕೂರುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಇವೆಲ್ಲವೂ ಜೂನ್ 1ರೊಳಗೆ ಪೂರ್ತಿಯಾಗಿ ಬಂದಿರಬೇಕೆಂದು ಅರ್ಥವಲ್ಲ. ಅರ್ಧ ಬಂದಿದ್ದರೆ ಉಳಿದರ್ಧ ಒಳ್ಳೆಯ ಶಾಲೆಯಲ್ಲೇ ಬರುತ್ತದೆ.

ಒಂದು ಎಚ್ಚರಿಕೆ. ಇದು ನಿಮ್ಮ ಮಗನಿಗಲ್ಲ, ಇದನ್ನು ಓದುತ್ತಿರುವ ಬೇರೆ ತಾಯಂದಿರಿಗೆ. ನಾಲ್ಕಾದರೂ ನಾಲ್ಕು ಪದ ಕೂಡಿಸಿ ಮಾತಾಡದಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ, ಅಡುಗೆ ಆಟ, ಬಸ್ಸಿನ ಆಟ ಅಂತ ಏನನ್ನೂ ಆಡದಿದ್ದರೆ, ಬೇರೆ ಮಕ್ಕಳತ್ತ ತಿರುಗಿಯೂ ನೋಡದಿದ್ದರೆ, ಬರುತ್ತಿದ್ದ ಮಾತೋ ನಡಿಗೆಯೋ ನಿಂತುಹೋಗಿದ್ದರೆ "ಮುಂದಿನ ವರ್ಷ ಸೇರಿಸೋಣ" ಎಂದು ಕೂರಬೇಡಿ. ಕಿವಿ ಮಂದವಾದ ಮಗುವನ್ನು ಒಂದು ವರ್ಷ ಮನೆಯಲ್ಲಿಟ್ಟರೆ ಕಿವಿ ಸರಿಹೋಗುವುದಿಲ್ಲ, ಆ ವರ್ಷ ಕೈತಪ್ಪಿತು ಅಷ್ಟೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತೋರಿಸಿ. ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಳವಣಿಗೆ ನಡವಳಿಕೆಯ ವಿಷಯಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ.

ಈಗ ಮಾಡಬೇಕಾದದ್ದು

ನಾಳೆಯೇ ನಿಮ್ಮೂರ ಅಂಗನವಾಡಿಗೆ ಹೋಗಿ ಕಾರ್ಯಕರ್ತೆಯನ್ನು ಮಾತಾಡಿಸಿ. ಅದು ಬಡವರ ಮಕ್ಕಳಿಗೆ ಮಾತ್ರ ಎಂಬ ಭಾವನೆ ನಿಮ್ಮ ಮನೆಯಲ್ಲಿದ್ದರೆ ಬಿಟ್ಟುಬಿಡಿ. 1975ರ ಅಕ್ಟೋಬರ್ 2ರಂದು ಈ ಯೋಜನೆ ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದ ಮೂರರಿಂದ ಆರು ವರ್ಷದವರ ಆಟಪಾಠ ಅದರ ಕೆಲಸಗಳಲ್ಲೊಂದು. ಮೊದಲ ಎರಡು ಮೂರು ದಿನ ನೀವೋ ಮಾವನವರೋ ಜೊತೆಯಲ್ಲಿ ಕೂರಿ. ಆಮೇಲೆ ಬಾಗಿಲಾಚೆ. ಆಮೇಲೆ ಬೆಳಗಿನ ಎರಡು ತಾಸು ಅವನೊಬ್ಬನೇ. ಬಿಟ್ಟು ಬರುವಾಗ ಕಣ್ಣುತಪ್ಪಿಸಿ ಓಡಿಬರಬೇಡಿ. "ಊಟದ ಹೊತ್ತಿಗೆ ತಾತ ಬರ್ತಾರೆ" ಎಂದು ಹೇಳಿ, ಹೇಳಿದ ಹೊತ್ತಿಗೆ ತಾತ ಅಲ್ಲಿರಲಿ. ಏಪ್ರಿಲ್ ಕಳೆಯುವಷ್ಟರಲ್ಲಿ, ಇಂಟರ್‌ವ್ಯೂ ಹತ್ತು ನಿಮಿಷದಲ್ಲಿ ನೋಡಲಾರದ್ದನ್ನೆಲ್ಲ ನೀವು ನೋಡಿರುತ್ತೀರಿ. ಎಷ್ಟು ಹೊತ್ತು ಅತ್ತ, ಯಾರನ್ನು ನೀರು ಕೇಳಿದ, ಯಾರ ಪಕ್ಕ ಕೂತ ಎಂದು ಕಾರ್ಯಕರ್ತೆಯನ್ನು ಕೇಳಿ.

ಅದರ ಜೊತೆಗೇ ಯಜಮಾನರನ್ನು ಕರೆದುಕೊಂಡು ಎರಡು ಮೂರು ಶಾಲೆ ನೋಡಿ ಬನ್ನಿ, ಮಕ್ಕಳು ಇರುವ ಹೊತ್ತಿನಲ್ಲಿ. ಆಫೀಸಿನಲ್ಲಿ ಕೂತು ಮಾತಾಡಿ ಬರಬೇಡಿ, ಎಲ್‌ಕೆಜಿ ಕೋಣೆಯ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಿ. ಮಕ್ಕಳು ಓಡಾಡಲು ನೆಲ ಖಾಲಿ ಇದೆಯೋ, ಬೆಂಚುಗಳೇ ತುಂಬಿವೆಯೋ? ಶೌಚಾಲಯ ಹತ್ತಿರವಿದೆಯೋ, ಜೊತೆಗೆ ಹೋಗಲು ಆಯಾ ಇದ್ದಾರೋ? ಬ್ಯಾಗಿನಲ್ಲಿ ಎಷ್ಟು ಕಾಪಿ, ಮನೆಗೆ ಬರೆಯಲು ಕೊಡುತ್ತಾರೋ? ಅಳುವ ಮಗುವನ್ನು ಟೀಚರ್ ಎತ್ತಿಕೊಳ್ಳುತ್ತಾರೋ, ಗದರುತ್ತಾರೋ, ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತಾರೆ? ಈ ಕೊನೆಯದು ನಿಮ್ಮವನಿಗೆ ಬಹಳ ಮುಖ್ಯ. ಇಂಗ್ಲಿಷ್ ಮೀಡಿಯಂ ಬೇಕೇಬೇಕೆಂದು ಯಜಮಾನರಿಗಿದ್ದರೆ ಇರಲಿ. ಆದರೆ ಉಚ್ಚೆ ಬಂತು ಎಂದು ಕನ್ನಡದಲ್ಲಿ ಹೇಳಿದರೆ ಕೇಳಿಸಿಕೊಳ್ಳುವ ಟೀಚರ್ ಇರುವ ಇಂಗ್ಲಿಷ್ ಮೀಡಿಯಂ ಆಗಿರಲಿ. ಹೊಸ ಭಾಷೆಯ ಕ್ಲಾಸಿಗೆ ಹೋದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಲೇ ಕೂರುವುದು ಮಾಮೂಲು. ಅಷ್ಟು ದಿನ ಕಾಯುವ ತಾಳ್ಮೆ ಶಾಲೆಗಿರಬೇಕು.

ನನ್ನ ಸಲಹೆ ಇಷ್ಟು. ಅಂಗನವಾಡಿಯಲ್ಲಿ ಅವನು ಒಂದಿಷ್ಟು ಹೊಂದಿಕೊಂಡರೆ, ಅರ್ಧ ದಿನದ, ಬರೆಸುವುದಕ್ಕಿಂತ ಆಡಿಸುವ ಶಾಲೆಯೊಂದು ಸಿಕ್ಕರೆ ಈ ಜೂನ್‌ಗೇ ಎಲ್‌ಕೆಜಿಗೆ ಸೇರಿಸಿ. ಅಂಥ ಶಾಲೆ ಸಿಗದಿದ್ದರೆ, ಅಥವಾ ಏಪ್ರಿಲ್ ಮುಗಿದರೂ ಅವನು ಬಿಟ್ಟಿರಲು ತೀರಾ ಕಷ್ಟಪಟ್ಟರೆ, ಈ ವರ್ಷ ಅಂಗನವಾಡಿಯಲ್ಲೇ ಮುಂದುವರಿಸಿ, ಮುಂದಿನ ಜೂನ್‌ಗೆ ಎಲ್‌ಕೆಜಿ. ಆಗ ಅವನು ಒಂದನೇ ತರಗತಿಗೆ ಹೋಗುವುದು ಏಳು ತುಂಬಿದ ಮೇಲೆ. ಫಿನ್‌ಲ್ಯಾಂಡಿನ ಮಕ್ಕಳು ಒಂದನೇ ತರಗತಿಗೆ ಹೋಗುವ ವಯಸ್ಸೇ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದು ಹೇಳಿದೆ. ಹಾಗಾಗಿ ಹಿಂದೆ ಬೀಳುವ ಮಾತು ಬೇಡ. ಮೊಬೈಲಿನ ಜೊತೆ ಮನೆಯಲ್ಲಿ ಕೂರಿಸುವುದು ಮಾತ್ರ ಬೇಡ. "ಅಡ್ಜಸ್ಟ್" ಶಾಲೆಯ ಫೋರ್ ಲೈನ್ ಕಾಪಿಯ ಮುಂದೆ ಕೂರಿಸುವುದೂ ಬೇಡ.

ಸೇರಿಸುವುದೇ ಆದರೆ ಮನೆಯವರೆಲ್ಲ ಒಂದು ಮಾತಿಗೆ ಬನ್ನಿ: ಶಾಲೆಯ ಹೆಸರು ಹೇಳಿ ಅವನನ್ನು ಯಾರೂ ಹೆದರಿಸಬಾರದು. "ತಾಳು, ಮಿಸ್ಸಿಗೆ ಹೇಳ್ತೀನಿ" ಎಂಬ ಮಾತು ಇವತ್ತಿನಿಂದಲೇ ನಿಲ್ಲಲಿ. ಜೂನ್, ಜುಲೈನಲ್ಲಿ ಬೆಳಿಗ್ಗೆ ಅತ್ತರೆ ಗಾಬರಿಯಾಗಬೇಡಿ. ಆಗಸ್ಟ್ ಹದಿನೈದು ಕಳೆದ ಮೇಲೂ ದಿನವೂ ಹೊಟ್ಟೆನೋವು ಎಂದರೆ, ಹಗಲಲ್ಲೂ ಚಡ್ಡಿ ಒದ್ದೆಯಾಗತೊಡಗಿದರೆ, ಮನೆಯಲ್ಲೂ ಅವನ ಮಾತು ಕಡಿಮೆಯಾದರೆ ಮೊದಲು ಟೀಚರನ್ನು ಕಂಡು ಮಾತಾಡಿ. ಹೊಡೆತವೋ ಬೈಗುಳವೋ ಕಾರಣವಾಗಿದ್ದರೆ ಒಂದು ದಿನವೂ ಕಾಯಬೇಡಿ, ಬಿಡಿಸಿ ಅಂಗನವಾಡಿಗೆ ಕಳಿಸಿ. ಆಗ ಯಜಮಾನರು "ಇಷ್ಟು ಫೀಸು ಕಟ್ಟಿದ್ದೀವಲ್ಲ" ಎನ್ನುತ್ತಾರೆ. ಆ ಮಾತು ಬರದಂತೆ ಈಗಲೇ ಒಂದು ಕೆಲಸ ಮಾಡಿ: ಫೀಸನ್ನು ಮೂರು ಕಂತಿನಲ್ಲಿ ಕಟ್ಟಿಸಿಕೊಳ್ಳುತ್ತಾರೆಯೇ, ಮಧ್ಯದಲ್ಲಿ ಬಿಡಿಸಿದರೆ ಎಷ್ಟು ವಾಪಸ್ ಕೊಡುತ್ತಾರೆ ಎಂದು ಸೇರಿಸುವ ಮುಂಚೆಯೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಕಟ್ಟಿದ ದುಡ್ಡಿಗಾಗಿ ಮಗುವನ್ನು ಅಲ್ಲೇ ಇಡಬೇಕಾದ ಪರಿಸ್ಥಿತಿ ನಿಮಗೆ ಬರಬಾರದು.